ಇಪ್ಪತ್ನಾಲ್ಕು ಇಂಚಿನ ಬಾಗಿಲು

ಸ್ಟುಡಿಯೋ ಅಕ್ಕನ ಮೇಜಿನ ಮೇಲೆ ಅವತ್ತು ಬೆಳಿಗ್ಗೆ ಎರಡು ಲೆನ್ಸುಗಳಿದ್ದವು. ಒಂದು ಹತ್ತು ಮಿಲಿಮೀಟರಿನದು, ಇನ್ನೊಂದು ಐವತ್ತರದು. ಹತ್ತರದು ವೈಡ್ ಲೆನ್ಸು. ಗೋಡೆಯ ಮೂಲೆಗೆ ಬೆನ್ನು ಅಂಟಿಸಿಕೊಂಡು ನಿಂತರೆ ಇಡೀ ಕೋಣೆಯನ್ನು ಒಂದೇ ಸಲಕ್ಕೆ ಬಾಚಿಕೊಳ್ಳುತ್ತಿತ್ತು. ಐವತ್ತರದು ಮುಖಕ್ಕೆಂದೇ ಇಟ್ಟುಕೊಂಡದ್ದು. ಎದುರಿಗೆ ಕೂತವರ ಕಣ್ಣು ಮೂಗು ಇದ್ದ ಹಾಗೇ ಉಳಿಸಿ, ಹಿಂದಿನ ಗೋಡೆ, ವೈರು, ಕಲೆ ಎಲ್ಲವನ್ನೂ ಮಸುಕು ಮಾಡಿಬಿಡುತ್ತಿತ್ತು. ಬಹಳ ವರ್ಷ ಆಕೆಗೆ ಅನ್ನ ಹಾಕಿದ್ದು ಈ ಐವತ್ತರದೇ. ಕೆಲಸಕ್ಕೆ ಅರ್ಜಿ ಹಾಕುವವರ ಮುಖ, ಹಲ್ಲು ಬರದ ಕೂಸುಗಳ ಮುಖ, ತಾವು ಹೋದಮೇಲೆ ಮಕ್ಕಳು ಯಾವುದೋ ಕೆಟ್ಟ ಫೋಟೋ ಹಾಕಿಬಿಟ್ಟಾರೆಂದು ಮುಂಚಿತವಾಗಿ ಬಂದು ಕೂತ ಮುದುಕರ ಮುಖ. ಆಮೇಲೆ ಎಲ್ಲರ ಕೈಗೂ ಫೋನು ಬಂತು. ತಮ್ಮ ಮುಖವನ್ನು ತಾವೇ ತೆಗೆದುಕೊಳ್ಳಲು ಎಲ್ಲರೂ ಕಲಿತರು. ಸ್ಟುಡಿಯೋದಲ್ಲಿ ನೊಣ ಹೊಡೆಯುವುದೊಂದೇ ಕೆಲಸವಾಯಿತು.

ಆಗ ಕೈ ಹಿಡಿದವನು ಒಡಹುಟ್ಟಿದ ತಮ್ಮ. ಅವನು ಬಾಡಿಗೆ ಮನೆಗಳ ಬ್ರೋಕರ್. "ಅಕ್ಕಾ, ಜನ ಈಗ ಕಾಲಲ್ಲಿ ಮನೆ ನೋಡಲ್ಲ, ಫೋನಲ್ಲಿ ನೋಡ್ತಾರೆ. ನೀನು ನನಗೆ ಮನೆ ತೆಗೆದುಕೊಡು" ಎಂದಿದ್ದ. ಎರಡು ವರ್ಷದಲ್ಲಿ ಆಕೆ ತೆಗೆದ ಮನೆಗಳಿಗೆ ಲೆಕ್ಕವಿರಲಿಲ್ಲ. ಬೆಂಕಿಪೊಟ್ಟಣದಂಥ ಕೋಣೆಗಳು ಹತ್ತರ ಲೆನ್ಸಿನಲ್ಲಿ ಸಭಾಂಗಣಗಳಾದವು. ತಮ್ಮನ ಬಾಯಲ್ಲಿ ಅಕ್ಕ ಮಾಯಗಾತಿಯಾದಳು. ಈಗ ಅವನು ಇನ್ನೂ ಅಗಲದ, ಎಂಟರ ಲೆನ್ಸೊಂದನ್ನು ನೋಡಿಟ್ಟಿದ್ದ. ಐವತ್ತರದನ್ನು ಕೊಟ್ಟು, ಮೇಲಿಷ್ಟು ಸೇರಿಸಿದರೆ ಅಂಗಡಿಯವನು ಬದಲಾಯಿಸಿ ಕೊಡುವವನಿದ್ದ. ಮಧ್ಯಾಹ್ನ ಹನ್ನೆರಡಕ್ಕೆ ಬರುತ್ತೇನೆಂದು ಹೇಳಿ ಕಳಿಸಿದ್ದ. ಆಕೆ ಐವತ್ತರ ಲೆನ್ಸನ್ನು ಕೈಗೆತ್ತಿಕೊಂಡು, ಗಾಜಿನ ಮೇಲಿದ್ದ ಧೂಳನ್ನು ಊದಿ, ಮತ್ತೆ ಕೆಳಗಿಟ್ಟು, ಮತ್ತೆ ಎತ್ತಿಕೊಂಡು ಕೂತಿದ್ದಳು.

ಬಾಗಿಲು ದಡಾರನೆ ತೆರೆಯಿತು. ಸುಮಾರು ಮೂವತ್ತರ ಹೆಂಗಸೊಬ್ಬಳು ಒಳಗೆ ಬಂದಳು. ಕೊರಳಲ್ಲಿ ಬಟ್ಟೆ ಅಳೆಯುವ ಟೇಪು ಹಾಗೇ ನೇತಾಡುತ್ತಿತ್ತು. ಹೊಲಿಯುತ್ತಿದ್ದವಳು ಅರ್ಧಕ್ಕೆ ಎದ್ದು ಬಂದಿದ್ದಳೆಂದು ಬೇರೆ ಹೇಳಬೇಕಿರಲಿಲ್ಲ. ಪೀಠಿಕೆ ಇಲ್ಲದೆ ಫೋನನ್ನು ಮೇಜಿನ ಮೇಲಿಟ್ಟಳು.

"ಈ ಫೋಟೋ ತೆಗೆದವರು ನೀವೇನಾ? ಬೀದಿಯವರು ಹೇಳಿದ್ರು."

ಅಕ್ಕ ನೋಡಿದಳು. ಹಾಲಿನಿಂದ ಬಾತ್‌ರೂಮಿಗೆ ಹೋಗುವ ಪ್ಯಾಸೇಜು. ಬಿಳಿ ಗೋಡೆ, ಹೊಳೆಯುವ ನೆಲ, ನಾಲ್ಕು ಜನ ಭುಜಕ್ಕೆ ಭುಜ ತಾಗಿಸದೆ ನಡೆಯಬಹುದು ಎನ್ನಿಸುವಷ್ಟು ಅಗಲ. ತನ್ನದೇ ಕೈಕೆಲಸ. ಚಪ್ಪಲಿ ಸ್ಟ್ಯಾಂಡನ್ನು ಹೊರಗಿಡಿಸಿ, ಬಾಗಿಲನ್ನು ಪೂರ್ತಿ ತೆರೆಸಿ, ಕ್ಯಾಮೆರಾವನ್ನು ಸೊಂಟದ ಮಟ್ಟಕ್ಕಿಳಿಸಿ ತೆಗೆದದ್ದು ನೆನಪಾಯಿತು. ತಮ್ಮ ಈ ಫೋಟೋ ನೋಡಿ ಸಿಳ್ಳೆ ಹೊಡೆದಿದ್ದ.

"ಹೌದು, ನಾನೇ. ಯಾಕೆ?"

"ಈ ಬಾತ್‌ರೂಮ್ ಬಾಗಿಲು ಎಷ್ಟಿದೆ ಗೊತ್ತಾ? ಇಪ್ಪತ್ನಾಲ್ಕು ಇಂಚು." ಟೈಲರ್ ಕೊರಳಿನ ಟೇಪನ್ನು ಎಳೆದು, ಇಪ್ಪತ್ನಾಲ್ಕರ ಹತ್ತಿರ ಹೆಬ್ಬೆರಳಿಟ್ಟು ಹಿಡಿದಳು. "ನಮ್ಮಪ್ಪನ ವೀಲ್‌ಚೇರ್ ಇಪ್ಪತ್ತೈದೂವರೆ. ನಿನ್ನೆ ನಾನು ಕೆಲಸಕ್ಕೆ ಹೋಗಿದ್ದಾಗ ಅಪ್ಪ ಅಲ್ಲಿ ಸಿಕ್ಕಿಹಾಕ್ಕೊಂಡ್ರು. ಎರಡೂವರೆ ಗಂಟೆ. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ."

ಹೆಂಗಸು ಕುರ್ಚಿಯಲ್ಲಿ ಕೂರದೆ, ನಿಂತುಕೊಂಡೇ ಮಿಕ್ಕಿದ್ದನ್ನೂ ಹೇಳಿದಳು. ಅಪ್ಪ ಲೇತ್ ಕಾರ್ಖಾನೆಯ ಮೇಸ್ತ್ರಿ. ಅಟ್ಟಣಿಗೆಯಿಂದ ಬಿದ್ದು ಬೆನ್ನುಮೂಳೆಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ಹೋಗಿದೆ. ಚಿಕಿತ್ಸೆಗೆ ಆಸ್ಪತ್ರೆ ಹತ್ತಿರವಾಗಲಿ ಎಂದು ಬೇರೆ ಊರಿಂದ ಬಂದಿದ್ದಾರೆ. ಮುಂಚೆ ಬಂದು ನೋಡಲು ರಜೆ ಸಿಗಲಿಲ್ಲ, ಫೋಟೋ ನೋಡಿಯೇ ಮನೆ ಹಿಡಿದರು. ಬಂದು ಐದು ದಿನ.

"ವೀಲ್‌ಚೇರ್ ಇದೆ ಅಂತ ಬ್ರೋಕರ್‌ಗೆ ಹೇಳಿರಲಿಲ್ವಾ?" ಅಕ್ಕ ಕೇಳಿದಳು.

"ಮೂರು ಸಲ ಹೇಳಿದೀನಿ. 'ಫೋಟೋ ನೋಡಮ್ಮ, ವೀಲ್‌ಚೇರ್ ಏನು, ಆನೆ ಹೋಗುತ್ತೆ' ಅಂದ್ರು."

ಆ ಮಾತು ತಮ್ಮನದೇ ಎಂಬುದರಲ್ಲಿ ಅನುಮಾನವಿರಲಿಲ್ಲ. ಅವನ ದನಿ, ಅವನ ನಗು ಸಮೇತ ಆಕೆಯ ಕಿವಿಗೆ ಕೇಳಿಸಿತು. ಆದರೂ ಫೋನ್ ಮಾಡಿದಳು. ಎರಡನೇ ರಿಂಗಿಗೇ ಎತ್ತಿದ.

"ಆ ಪ್ಯಾಸೇಜ್ ಮನೆಯವರು ಬಂದಿದಾರೆ" ಎಂದಳು.

"ಅಲ್ಲಿಗೂ ಬಂದ್ಲಾ? ಅಕ್ಕಾ, ನೀನು ಬಾಯಿ ಬಿಡಬೇಡ. ಫೋಟೋ ನಿಂದು ಅಂತ ಒಪ್ಕೋಬೇಡ."

"ಒಪ್ಕೊಂಡಾಯ್ತು. ವೀಲ್‌ಚೇರ್ ವಿಷಯ ನಿನಗೆ ಗೊತ್ತಿತ್ತಾ?"

"ನೂರು ಜನ ನೂರು ಕೇಳ್ತಾರಕ್ಕಾ. ಎಲ್ಲದಕ್ಕೂ ಟೇಪ್ ಹಿಡ್ಕೊಂಡು ಓಡಕ್ಕಾಗುತ್ತಾ? ನೀನು ಆ ಮನೆ ಕಡೆ ತಲೆ ಹಾಕಬೇಡ. ಆ ಮಾಲೀಕರ ಕೈಲಿ ಇನ್ನೂ ಐದು ಮನೆ ಇದೆ."

ಅಕ್ಕ ಫೋನ್ ಕೆಳಗಿಟ್ಟಳು. ಟೈಲರ್ ಕಣ್ಣು ಕದಲಿಸದೆ ನೋಡುತ್ತಿದ್ದಳು.

"ನಾನು ಜಗಳಕ್ಕೆ ಬಂದಿಲ್ಲ" ಎಂದಳು. ಜಗಳಕ್ಕೇ ಬಂದಿದ್ದಳು, ಆದರೆ ಈಗ ದನಿ ತಗ್ಗಿತ್ತು. "ಮಾಲೀಕರು ಬಿಡಲ್ಲ ಅಂತಾರೆ. ಹನ್ನೊಂದು ತಿಂಗಳ ಕರಾರಿದೆಯಂತೆ. ಮನೆ ಫೋಟೋದಲ್ಲಿರೋ ಹಾಗೇ ಇದೆ, ಸುಳ್ಳೆಲ್ಲಿದೆ ತೋರ್ಸು ಅಂತಾರೆ. ನೀವು ಬಂದು ಇರೋದನ್ನ ಇರೋ ಹಾಗೆ ಒಂದು ಫೋಟೋ ತೆಗೆದುಕೊಡಿ. ಅಷ್ಟು ಸಾಕು."

ಅಕ್ಕ ಮೇಜನ್ನು ನೋಡಿದಳು. ಹತ್ತರದನ್ನು ತೆಗೆದುಕೊಂಡು ಹೋದರೆ ಎರಡು ವರ್ಷದ ರೂಢಿಗೆ ಕೈ ತಾನಾಗಿ ಅದಕ್ಕೇ ಹೋಗುತ್ತದೆ. ಇಕ್ಕಟ್ಟಾದ ಜಾಗ ಕಂಡರೆ ಹಿಗ್ಗಿಸುವುದು ಈಗ ಆಕೆಯ ಮೈಗೆ ಅಂಟಿಬಿಟ್ಟಿತ್ತು. ಐವತ್ತರದನ್ನು ಕ್ಯಾಮೆರಾಕ್ಕೆ ತಿರುಗಿಸಿ ಕೂರಿಸಿದಳು. ಟಕ್ ಎಂದಿತು. ಹತ್ತರದನ್ನು ಡ್ರಾಯರಿಗೆ ಹಾಕಿ, ಅಂಗಡಿಗೆ ಬೀಗ ಹಾಕಿ, ಟೈಲರ್ ಹಿಂದೆ ನಡೆದಳು.

ಮೂರು ಬೀದಿ ಆಚೆ ಮನೆ. ಮುಂದಿನ ಮೂರು ಮೆಟ್ಟಿಲ ಮೇಲೆ ಹಲಗೆಯೊಂದನ್ನು ಇಳಿಜಾರಾಗಿ ಹಾಕಿದ್ದರು. ಹಾಲಿನ ಕಿಟಕಿಯ ಪಕ್ಕ ಗಾಲಿಕುರ್ಚಿಯಲ್ಲಿ ಮೇಸ್ತ್ರಿ ಕೂತಿದ್ದರು. ಅಗಲ ಭುಜ, ನರೆತ ಗಡ್ಡ, ಬಲಗೈ ಮಣಿಕಟ್ಟಿಗೆ ಬ್ಯಾಂಡೇಜು.

"ಬನ್ನಿ. ಆನೆ ಹೋಗೋ ದಾರಿ ತೆಗೆದವರು ನೀವೇ ಅಲ್ವಾ?"

ಬೈದಿದ್ದರೆ ಅಕ್ಕನಿಗೆ ಹಗುರವಾಗುತ್ತಿತ್ತು. ಮೇಸ್ತ್ರಿ ನಗುತ್ತಲೇ ಕೇಳಿದ್ದರು.

"ತಪ್ಪಾಯ್ತು" ಎಂದಳು.

"ತಪ್ಪು ಒಪ್ಪು ಆಮೇಲೆ. ಮೊದಲು ಜಾಗ ನೋಡಿ."

ಪ್ಯಾಸೇಜು ಮೂವತ್ಮೂರು ಇಂಚು. ಅದರ ಕೊನೆಯಲ್ಲಿ ಬಲಕ್ಕೊಂದು ತಿರುವು, ತಿರುವಿಗೆ ಅಂಟಿಕೊಂಡೇ ಬಾತ್‌ರೂಮಿನ ಬಾಗಿಲು. ಬಾಗಿಲ ಚೌಕಟ್ಟಿನಲ್ಲಿ ಮರದ ಸಿಪ್ಪೆ ಎದ್ದಿತ್ತು. ಗೋಡೆಯ ಮೇಲೆ ಒಂದು ಮಾರುದ್ದದ ಕಪ್ಪು ಗೆರೆ, ಅದರ ಕೆಳಗೆ ಉದುರಿದ ಗಾರೆ. ಎರಡೂವರೆ ಗಂಟೆ ಕಾಲ ಮನುಷ್ಯನೊಬ್ಬ ಚಕ್ರವನ್ನು ಹಿಂದೆ ಮುಂದೆ ಉಜ್ಜಿದ ಗುರುತು.

"ಇಷ್ಟು ದಿನ ಮಗಳು ಎತ್ತಿ ಕರ್ಕೊಂಡು ಹೋಗ್ತಿದ್ಲು. ಅವಳ ಸೊಂಟವೂ ಬಿದ್ದೋದ್ರೆ ಮನೆಗೆ ಎರಡು ಕುರ್ಚಿ ಬೇಕಾಗುತ್ತೆ ಅಂತ ನಿನ್ನೆ ನಾನೇ ಹೊರಟೆ" ಎಂದರು ಮೇಸ್ತ್ರಿ. "ತಿರುವಲ್ಲಿ ಓರೆ ಮಾಡಿದೆ. ಮುಂದಿನ ಚಕ್ರ ಚೌಕಟ್ಟಿಗೆ ಕಚ್ಕೊಳ್ತು. ಫೋನು ಹಾಲಲ್ಲಿ. ಕೂಗಿದ್ರೆ ಕೇಳೋರಿಲ್ಲ. ಬಾತ್‌ರೂಮು ಎರಡಡಿ ದೂರ, ಕಣ್ಣೆದುರಿಗೆ. ಅಲ್ಲಿಗೆ ಹೋಗೋ ಅವಸರಕ್ಕೆ ತಾನೇ ಹೊರಟಿದ್ದು." ಮಣಿಕಟ್ಟಿನ ಬ್ಯಾಂಡೇಜನ್ನು ಸರಿಮಾಡಿಕೊಂಡರು. "ಮಿಕ್ಕಿದ್ದನ್ನ ನಾನು ಹೇಳಲ್ಲ, ನೀವೂ ಕೇಳಬೇಡಿ."

ಮಗಳು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು.

ಅಕ್ಕ ಕ್ಯಾಮೆರಾ ಹೊರತೆಗೆದಳು. ಕೆಲಸಕ್ಕೆ ಕೈ ಹಚ್ಚಿದಳು. ಐವತ್ತರ ಲೆನ್ಸಿಗೆ ದೂರ ಬೇಕು. ಹಾಲಿನ ಆ ತುದಿಯ ಗೋಡೆಯವರೆಗೂ ಹಿಂದೆ ಸರಿದು, ಮೇಸ್ತ್ರಿಯ ಕಣ್ಣಿನ ಎತ್ತರಕ್ಕೆ ಮಂಡಿಯೂರಿ ಕೂತಳು. ವ್ಯೂಫೈಂಡರಿನಲ್ಲಿ ಪ್ಯಾಸೇಜು ಈಗ ಬಾಗಿಲಿನ ಸಂದಿಯಷ್ಟೇ ಕಂಡಿತು. ಟೈಲರ್ ಚೌಕಟ್ಟಿಗೆ ಅಡ್ಡಲಾಗಿ ಟೇಪು ಹಿಡಿದಳು. ಅಂಕಿಗಳು ಸ್ಪಷ್ಟವಾಗಿ ಕಾಣುವಂತೆ ಅಕ್ಕ ಒಂದು ಫೋಟೋ ತೆಗೆದಳು. ಚಕ್ರದ ಅಗಲ ಒಂದು. ಗೋಡೆಯ ಕಪ್ಪು ಗೆರೆ ಒಂದು. ಮೇಸ್ತ್ರಿಯ ಕಡೆ ಕ್ಯಾಮೆರಾ ತಿರುಗಿದಾಗ ಅವರು ಬ್ಯಾಂಡೇಜಿನ ಕೈ ಎತ್ತಿದರು.

"ಕೈ ತೆಗೀರಿ. ಮುಖ ಬೇಡ."

ಆಕೆ ಕೈಯನ್ನಷ್ಟೇ ತೆಗೆದಳು.

ಜೇಬಿನಲ್ಲಿದ್ದ ಫೋನು ಬಡಿದುಕೊಂಡಿತು. ಲೆನ್ಸ್ ಅಂಗಡಿಯವನು. "ಮೇಡಂ, ಎಂಟರದು ತಂದು ನಿಮ್ಮ ಬಾಗಿಲಲ್ಲಿ ನಿಂತಿದೀನಿ, ಬೀಗ ಹಾಕಿದೆ."

"ಬೇಡ, ವಾಪಸ್ ತಗೊಂಡು ಹೋಗಿ."

"ಮತ್ತೆ ಯಾವಾಗ ತರಲಿ?"

"ತರಲೇಬೇಡಿ" ಎಂದು ಆಕೆ ಫೋನ್ ಇಡುವಷ್ಟರಲ್ಲಿ ಹೊರಗೆ ಬೈಕು ನಿಂತ ಸದ್ದಾಯಿತು.

ಹಲಗೆಯ ಮೇಲೆ ದಡದಡ ಹತ್ತಿ ಬಂದವನು ತಮ್ಮ. ಹಿಂದೆಯೇ ಏದುಸಿರು ಬಿಡುತ್ತ ಮನೆ ಮಾಲೀಕರು. ಹೊಟ್ಟೆ ಮುಂದೆ, ಮನುಷ್ಯ ಹಿಂದೆ ಎನ್ನುವಂಥ ದೇಹ. ಅಕ್ಕ ಮಂಡಿಯೂರಿ ಕೂತಿರುವುದನ್ನು ಕಂಡು ತಮ್ಮನ ಮುಖ ಕೆಂಪಾಯಿತು.

"ಅಕ್ಕಾ, ಒಂದು ನಿಮಿಷ ಒಳಗೆ ಬಾ." ಅಡುಗೆಮನೆಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿದ. ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದ. "ನೀನು ಯಾರ ಕಡೆ?"

"ಕಡೆ ಗಿಡೆ ಇಲ್ಲ. ಬಾಗಿಲು ಅಳೆದೆ ಅಷ್ಟೆ."

"ಸ್ಟುಡಿಯೋ ಮುಚ್ಚೋ ಸ್ಥಿತೀಲಿದ್ದಾಗ ಬಂದೋರು ಯಾರು? ಈ ಟೈಲರಾ? ಉಂಡ ಮನೆಗೆ ಎರಡು ಬಗೀಬಾರದು ಅಂತ ಅಮ್ಮ ನಿನಗೇ ತಾನೆ ಮೊದಲು ಹೇಳಿಕೊಟ್ಟಿದ್ದು?"

ಏಟು ಬೀಳಬೇಕಾದಲ್ಲೇ ಬಿತ್ತು. ಅಕ್ಕ ಸಿಂಕಿನ ಅಂಚು ಹಿಡಿದುಕೊಂಡಳು.

"ಬಂದೋನು ನೀನೇ. ಇಲ್ಲ ಅಂತ ಯಾವತ್ತೂ ಅಂದಿಲ್ಲ. ಆದ್ರೆ ನಾನು ತೆಗೆದ ಫೋಟೋ ತೋರಿಸಿ ನೀನು ಅವರಿಗೆ ಆಣೆ ಮಾಡಿದ ಹಾಗೆ ಹೇಳಿದೀಯ. ನನ್ನನ್ನ ಸಾಕ್ಷಿಗೆ ನಿಲ್ಲಿಸಿದೀಯ. ನನಗೆ ಗೊತ್ತೇ ಇಲ್ಲದ ಹಾಗೆ."

"ಬಾಡಿಗೆಗೆ ಹೋಗೋ ಎಲ್ಲಾ ಮನೆ ಫೋಟೋನೂ ಹಾಗೇ ಇರುತ್ತೆ!"

"ಹೌದು. ಅದೇ ಈಗ ನನ್ನನ್ನ ತಿಂತಾ ಇರೋದು."

ಹಾಲಿನಿಂದ ಮಾಲೀಕರ ದನಿ ಕೇಳಿಸಿತು. "ನೋಡಿ ಸ್ವಾಮಿ, ಫೋಟೋದಲ್ಲಿ ಇಲ್ಲದ್ದನ್ನ ನಾವು ತೋರಿಸಿಲ್ಲ. ಗೋಡೆ ಅದೇ, ನೆಲ ಅದೇ, ಬಾಗಿಲು ಅದೇ. ನಿಮ್ಮ ಮಗಳು ರುಜು ಹಾಕಿದಾಳೆ. ಸ್ವಲ್ಪ ಹೊಂದಿಕೊಂಡು ಹೋಗ್ಬೇಕಪ್ಪ."

ಅಕ್ಕ ತಮ್ಮ ಇಬ್ಬರೂ ಹೊರಗೆ ಬಂದರು. ಮೇಸ್ತ್ರಿ ಮಾಲೀಕರ ಮಾತನ್ನು ತಲೆಯಾಡಿಸುತ್ತ ಪೂರ್ತಿ ಕೇಳಿದರು. ಕಾರ್ಖಾನೆಯಲ್ಲಿ ಹೊಸಬರ ಮಾತನ್ನು ಕೇಳುತ್ತಿದ್ದದ್ದೂ ಹೀಗೇ ಇರಬೇಕು. ಆಮೇಲೆ ಮಗಳಿಗೆ ಸನ್ನೆ ಮಾಡಿದರು. ಅವಳು ಅವರ ಕಂಕುಳಿಗೆ ಕೈ ಕೊಟ್ಟು ಎತ್ತಿ ಸೋಫಾದ ಮೇಲೆ ಕೂರಿಸಿದಳು. ಕುರ್ಚಿ ಖಾಲಿಯಾಯಿತು.

"ಹೊಂದಿಕೊಂಡು ಹೋಗೋದು ಹೇಗೆ ಅಂತ ಯಾರಾದ್ರೂ ತೋರಿಸಿಕೊಡಿ" ಎಂದರು ಮೇಸ್ತ್ರಿ. "ಕೂತ್ಕೊಂಡು ಬಾತ್‌ರೂಮಿಗೆ ಹೋಗಿ ಬನ್ನಿ. ಹೋಗಿ ಬಂದ್ರೆ ಹನ್ನೊಂದು ತಿಂಗಳು ಬಾಯಿ ಮುಚ್ಕೊಂಡು ಇರ್ತೀನಿ."

ಮಾಲೀಕರು ಕುರ್ಚಿಯನ್ನು ನೋಡಿದರು, ತಮ್ಮದೇ ಹೊಟ್ಟೆಯನ್ನು ನೋಡಿಕೊಂಡರು, ಬ್ರೋಕರನನ್ನು ನೋಡಿದರು.

"ಇದೇನು ಮಹಾ" ಎಂದು ತಮ್ಮ ಕೂತೇಬಿಟ್ಟ.

ಮೊದಲ ಹತ್ತು ಅಡಿ ಚೆನ್ನಾಗಿಯೇ ಹೋದ. ಹಿಂತಿರುಗಿ ನೋಡಿ ನಕ್ಕ ಕೂಡ. ಪ್ಯಾಸೇಜಿಗೆ ನುಗ್ಗಿದ ಮೇಲೆ ಎರಡೂ ಕಡೆ ಬೆರಳ ಗಿಣ್ಣುಗಳು ಗೋಡೆಗೆ ತರಚಿದವು. ಕೈ ಒಳಗೆಳೆದುಕೊಂಡ. ತಿರುವಿನಲ್ಲಿ ಬಲಕ್ಕೆ ಓರೆ ಮಾಡಿದ, ಎಡ ಚಕ್ರ ಗೋಡೆಗೆ ತಾಗಿತು. ಹಿಂದೆ ತೆಗೆದು ಮತ್ತೆ ನೂಕಿದ. ಕುರ್ಚಿ ಅರ್ಧ ತಿರುಗಿ ಬಾಗಿಲ ಚೌಕಟ್ಟಿಗೆ ಗಚ್ಚನೆ ಕಚ್ಚಿಕೊಂಡಿತು. ಮುಂದೆ ನೂಕಿದರೆ ಮರ ಕಿರ್ರೆಂದಿತು. ಹಿಂದೆ ಎಳೆದರೆ ಹಿಂದಿನ ಹಿಡಿ ಗೋಡೆಗೆ ಒತ್ತಿತು. ಗಾರೆ ಪುಡಿ ಭುಜದ ಮೇಲೆ ಉದುರಿತು.

ಒಂದು ನಿಮಿಷ, ಎರಡು ನಿಮಿಷ. ತಮ್ಮನ ಶರ್ಟು ಬೆನ್ನಿಗೆ ಅಂಟಿಕೊಂಡಿತು. ಕೊನೆಗೆ ತೋಳಿನ ಮೇಲೆ ಭಾರ ಹಾಕಿ ಏಳಲು ಹೋದ.

"ಕಾಲಿದೆ ಅಂತ ಎದ್ದೇಳಬೇಡಪ್ಪ" ಎಂದರು ಮೇಸ್ತ್ರಿ. ದನಿ ಏರಿಸಿರಲಿಲ್ಲ. "ನಿನ್ನೆ ನನಗೆ ಆ ಅನುಕೂಲ ಇರ್ಲಿಲ್ಲ."

ತಮ್ಮ ಹಾಗೇ ಕುಸಿದು ಕೂತ. ಬಾತ್‌ರೂಮಿನ ನಲ್ಲಿಯಿಂದ ಬಕೆಟ್ಟಿಗೆ ನೀರು ತೊಟ್ಟಿಕ್ಕುವುದು ಎಲ್ಲರಿಗೂ ಕೇಳಿಸುತ್ತಿತ್ತು. ಅವನು ಆ ನಲ್ಲಿಯನ್ನೇ ನೋಡುತ್ತಿದ್ದ. ಆಮೇಲೆ ಕತ್ತು ತಿರುಗಿಸಿದ. ಅಕ್ಕ ಹಾಲಿನಲ್ಲಿ ನಿಂತು ಕ್ಯಾಮೆರಾವನ್ನು ಕಣ್ಣಿಗೆ ಹಿಡಿದಿದ್ದಳು.

"ಅಕ್ಕಾ, ತೆಗೀಬೇಡ."

ವ್ಯೂಫೈಂಡರಿನಲ್ಲಿ ಗೋಡೆ, ಚೌಕಟ್ಟು, ಕುರ್ಚಿಯ ಹಿಡಿ ಎಲ್ಲ ಮಸುಕಾಗಿದ್ದವು. ಮಧ್ಯೆ ಅವನ ಮುಖ ಒಂದೇ. ಎರಡು ವರ್ಷದಿಂದ ಆಕೆ ಆ ಮುಖವನ್ನು ಸರಿಯಾಗಿ ನೋಡೇ ಇರಲಿಲ್ಲ. ಮನೆಗಳನ್ನು ತೆಗೆಯುವ ಗಡಿಬಿಡಿಯಲ್ಲಿ ಮುಖಗಳು ಬಿಟ್ಟೇ ಹೋಗಿದ್ದವು. ಕೋಪ ಅಲ್ಲಿರಲಿಲ್ಲ. ಹಿಡಿಯಷ್ಟು ನಾಚಿಕೆ, ಅದರ ಕೆಳಗೆ ಹೆದರಿಕೆ. ಆಕೆ ಬೆರಳನ್ನು ಗುಂಡಿಯ ಮೇಲಿಟ್ಟಳು. ತೆಗೆದರೆ ಅವನು ಜನ್ಮದಲ್ಲಿ ಕ್ಷಮಿಸುವುದಿಲ್ಲ. ತೆಗೆಯದಿದ್ದರೆ ಈ ಐದು ನಿಮಿಷವನ್ನು ಸಂಜೆಯೊಳಗೆ ಅವನೇ ತಮಾಷೆಯ ಕತೆ ಮಾಡಿ ಹೇಳಿಕೊಂಡು ತಿರುಗುತ್ತಾನೆ.

ಒತ್ತಿದಳು.

"ಅಳಿಸು" ಎಂದ ತಮ್ಮ.

"ಅಳಿಸಲ್ಲ. ನಿನ್ನನ್ನ ಬಿಟ್ಟು ಇನ್ನೊಬ್ಬರಿಗೆ ತೋರಿಸೋದೂ ಇಲ್ಲ."

ಅವನು ಎದ್ದು ಕುರ್ಚಿಯ ಬೆನ್ನು ದಾಟಿ ಹೊರಬಂದ. ಕುರ್ಚಿ ಮಾತ್ರ ಜಪ್ಪಯ್ಯ ಅಂದರೂ ಬರಲಿಲ್ಲ. ಮಾಲೀಕರು ಎಳೆದರು, ತಮ್ಮ ಎತ್ತಿದ, ಟೈಲರ್ ಕೆಳಗೆ ಕೂತು ಚಕ್ರ ತಿರುಗಿಸಿದಳು. ಮೇಸ್ತ್ರಿ ಸೋಫಾದಿಂದಲೇ ಹುಕುಂ ಕೊಟ್ಟರು. "ಎಡಗಡೆ ಮೊದಲು ಎತ್ತಿ. ಅಯ್ಯೋ, ನಿಮ್ಮ ಎಡ ಅಲ್ಲ ಸ್ವಾಮಿ, ಕುರ್ಚಿ ಎಡ!" ಕೊನೆಗೆ ಚೌಕಟ್ಟಿನ ಒಂದು ಚೂರನ್ನು ಕಿತ್ತುಕೊಂಡೇ ಅದು ಬಿಡಿಸಿಕೊಂಡಿತು. ಮಾಲೀಕರು ಆ ಚೂರನ್ನು ಕೈಯಲ್ಲಿ ಹಿಡಿದು ಬೆವರು ಒರೆಸಿಕೊಂಡರು.

ಆ ಹೊತ್ತಿಗೆ ಅಕ್ಕ ಟೈಲರ್ ಹತ್ತಿರ ಒಂದು ಹಾಳೆ ಇಸಿದುಕೊಂಡು, ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಬರೆಯುತ್ತಿದ್ದಳು. ಮೊದಲಿನ ಫೋಟೋ ತೆಗೆದವಳು ನಾನೇ. ಮೂಲೆಯಲ್ಲಿ ನಿಂತು, ಸೊಂಟದ ಎತ್ತರದಿಂದ, ಹತ್ತರ ವೈಡ್ ಲೆನ್ಸಿನಲ್ಲಿ ತೆಗೆದದ್ದು. ಇರುವುದಕ್ಕಿಂತ ಅಗಲ ಕಾಣಲಿ ಎಂದೇ ಹಾಗೆ ತೆಗೆದೆ. ಬಾಗಿಲಿನ ನಿಜವಾದ ಅಳತೆ ಇಪ್ಪತ್ನಾಲ್ಕು ಇಂಚು. ಕೆಳಗೆ ರುಜು ಹಾಕಿ ಮಾಲೀಕರ ಮುಂದೆ ಹಿಡಿದಳು.

"ಇದನ್ನ ಇವರಿಗೆ ಕೊಡ್ತೀನಿ. ಇವತ್ತಿನ ಫೋಟೋನೂ ಕೊಡ್ತೀನಿ. ಎರಡೂ ಪಕ್ಕಪಕ್ಕ ಇಟ್ಟು ಯಾರಿಗೆ ತೋರಿಸ್ಬೇಕೋ ಅವರಿಷ್ಟ."

ಮಾಲೀಕರು ಓದಿದರು. ಮತ್ತೊಮ್ಮೆ ಓದಿದರು. ಆರು ಮನೆ ಇರುವ ಮನುಷ್ಯ. ಒಂದರ ಹೆಸರು ಕೆಟ್ಟರೆ ಮಿಕ್ಕ ಐದೂ ಖಾಲಿ ಬೀಳುತ್ತವೆಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

"ತಿಂಗಳ ಕೊನೆಗೆ ಬಿಟ್ಟುಹೋಗಿ" ಎಂದರು. "ಕರಾರು ನಾನು ಹರಿದುಹಾಕ್ತೀನಿ. ಆದ್ರೆ ಈ ಚೌಕಟ್ಟು..."

"ಚೌಕಟ್ಟು ನಾನು ಮಾಡಿಸಿಕೊಡ್ತೀನಿ" ಎಂದ ತಮ್ಮ, ಯಾರ ಮುಖವನ್ನೂ ನೋಡದೆ. ಅಕ್ಕನ ಪಕ್ಕದಿಂದ ಸರಿದು ಹೊರಗೆ ಹೋದ. ಬೈಕು ಎರಡು ಸಲ ಒದ್ದರೂ ಸ್ಟಾರ್ಟಾಗಲಿಲ್ಲ, ಮೂರನೆಯದಕ್ಕೆ ಆಯಿತು.

ಆಮೇಲೆ ತಮ್ಮ ಫೋನು ಮಾಡಲಿಲ್ಲ. ಆಕೆ ಮಾಡಿದರೆ ಎತ್ತಲಿಲ್ಲ. ಹದಿನೈದು ದಿನದಲ್ಲಿ ಅವನು ಫೋನಿನಲ್ಲಿ ಹಾಕುವ ಮನೆಗಳ ಪಟ್ಟಿಯಲ್ಲಿ ಬೇರೆ ಯಾರದೋ ಕೈಯ ಫೋಟೋಗಳು ಬರತೊಡಗಿದವು. ಅಂಚಿನ ಕುರ್ಚಿ ಮೇಜುಗಳು ರಬ್ಬರಿನ ಹಾಗೆ ಎಳೆದಿರುವುದನ್ನು ನೋಡಿಯೇ ಎಂಟರ ಲೆನ್ಸೆಂದು ಆಕೆಗೆ ಗೊತ್ತಾಯಿತು. ತಾನು ತೆಗೆದ ಹಳೆಯ ಮನೆಗಳೂ ಅಲ್ಲಿದ್ದವು. ಒಂದೊಂದನ್ನೇ ತೆರೆದು ನೋಡಿದಳು. ಯಾವ ಮೂಲೆಯಲ್ಲಿ ನಿಂತಿದ್ದೆ, ಏನನ್ನು ಹೊರಗಿಡಿಸಿದ್ದೆ ಎಲ್ಲ ನೆನಪಿತ್ತು. ಅಲ್ಲಿ ಯಾರು ಬಂದು ಇದ್ದಾರೆ ಎಂಬುದು ಮಾತ್ರ ಒಂದರದೂ ಗೊತ್ತಿರಲಿಲ್ಲ.

ಟೈಲರ್ ಮತ್ತು ಮೇಸ್ತ್ರಿ ಒಂದು ಪ್ರಿಂಟಿಂಗ್ ಪ್ರೆಸ್ಸಿನ ಹಿಂದಿನ, ನೆಲಮಟ್ಟದಲ್ಲಿರುವ, ಮೆಟ್ಟಿಲೇ ಇಲ್ಲದ ಮನೆಗೆ ಹೋದರು. ಮೇಸ್ತ್ರಿ ಮೊದಲೇ ಹೋಗಿ ಪ್ರತಿ ಬಾಗಿಲನ್ನೂ ತಾವೇ ಅಳೆದು, "ಆನೆ ಬೇಡ, ನಾನು ಹೋದ್ರೆ ಸಾಕು" ಎಂದು ಅಕ್ಕನಿಗೆ ಹೇಳಿ ಕಳಿಸಿದ್ದರು. ಇನ್ನೊಬ್ಬ ಬ್ರೋಕರ್, ವಯಸ್ಸಾದ ಹೆಂಗಸು, ಈ ಸುದ್ದಿ ಕೇಳಿ ಹುಡುಕಿಕೊಂಡು ಬಂದು ತಿಂಗಳಿಗೆ ನಾಲ್ಕು ಮನೆ ಕೊಡಲು ಶುರುಮಾಡಿದಳು. ಅಕ್ಕ ಹತ್ತರದರಲ್ಲಿ ಒಂದು, ಐವತ್ತರದರಲ್ಲಿ ಒಂದು ತೆಗೆದು, ಕೆಳಗೆ ಬಾಗಿಲುಗಳ ಅಳತೆ ಬರೆದುಕೊಡುತ್ತಿದ್ದಳು. ಮೊದಲಿನಷ್ಟು ಕೆಲಸವಿರಲಿಲ್ಲ. ಸ್ಟುಡಿಯೋದ ಒಂದು ಭಾಗವನ್ನು ಜೆರಾಕ್ಸ್ ಅಂಗಡಿಯವರಿಗೆ ಬಿಟ್ಟುಕೊಟ್ಟಳು.

ಮೂರನೇ ತಿಂಗಳು ಒಂದು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಫೋನು ಬಂತು.

"ಅಕ್ಕಾ."

"ಹೇಳು."

"ಒಬ್ಬರು ಮನೆ ಕೇಳ್ತಿದಾರೆ. ಅವರಮ್ಮ ವೀಲ್‌ಚೇರಲ್ಲಿದಾರಂತೆ." ಬೆನ್ನ ಹಿಂದೆ ರಸ್ತೆಯ ಗದ್ದಲ. "ಬಾಗಿಲು ಎಷ್ಟಿರ್ಬೇಕು?"

"ಮೂವತ್ತೆರಡಾದ್ರೂ ಬೇಕು. ತಿರುವಿದ್ರೆ ಪ್ಯಾಸೇಜು ಇನ್ನೂ ಅಗಲ ಬೇಕು. ಕುರ್ಚಿ ಅಳತೆ ಕೇಳಿದ್ಯಾ?"

"ಇಲ್ಲ."

"ಮೊದಲು ಕೇಳು. ಈಗ ಎಲ್ಲಿದೀಯ?"

"ಮನೆ ಮುಂದೇನೇ. ಟೇಪ್ ತಂದಿದೀನಿ, ಒಬ್ಬನೇ ಹಿಡ್ಕೊಂಡ್ರೆ ಜಾರುತ್ತೆ." ಆಮೇಲೆ, "ಬರ್ತೀಯಾ?" ಎಂದ.

ವಿಳಾಸ ಕೇಳಿಕೊಂಡಳು. ಜೆರಾಕ್ಸ್‌ನವರಿಗೆ ಅಂಗಡಿ ನೋಡಿಕೊಳ್ಳಲು ಹೇಳಿ, ಚಪ್ಪಲಿ ಮೆಟ್ಟಿಕೊಂಡು ಬಿಸಿಲಿಗಿಳಿದಳು.